ಲಾರಿ ಕಲಿಯುವವರಿಗೂ ಕಲಿಸುವವರಿಗೂ ತಕರಾರು ಬಂದಾಗ: ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಬೇಕು

ಹೊಸದಾಗಿ ಹೆವಿ ಗಾಡಿ ಕಲಿಯುವ ಹುಡುಗರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಗುರು ಬೈತಾರೆ, ಕೆಲಸ ಬಿಡ್ಲಾ?" ಗುರು ಅಂದರೆ ಗಾಡಿ ಕಲಿಸುವ ಹಿರಿಯ ಡ್ರೈವರ್. ಹಾಗೆ ಬಿಟ್ಟವರು ಮುಂದಿನ ಗಾಡಿ ಹತ್ತಿ ಅಲ್ಲೂ ಇದನ್ನೇ ಕೇಳುತ್ತಾರೆ. ಬಿಡದೆ ಉಳಿದವರಲ್ಲಿ ಕೆಲವರು ಸಹಿಸಬಾರದ್ದನ್ನೂ ಸಹಿಸುತ್ತಾರೆ. ಗುರು ಹಿಂದೆ ಮಲಗಿದ್ದಾಗ ಬರೀ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಇಟ್ಟುಕೊಂಡು ರಾತ್ರಿಯೆಲ್ಲ ಓಡಿಸುತ್ತಾರೆ. ಇಬ್ಬರೂ ಎಡವುವ ಜಾಗ ಒಂದೇ. ಒಬ್ಬ ಬೈಗುಳವನ್ನು ಅಪಾಯ ಅಂದುಕೊಂಡ, ಇನ್ನೊಬ್ಬ ಅಪಾಯವನ್ನು ಬೈಗುಳದ ಹಾಗೆ ನುಂಗಿಕೊಂಡ.

ಈ ಬರಹ ಮೈಸೂರು, ಮಂಡ್ಯ ಕಡೆ ಕ್ಲೀನರ್ ಆಗಿ ಸೇರಿ ಕಲಿಯುವವರಿಗೆ, ಡ್ರೈವಿಂಗ್ ಸ್ಕೂಲಿನಲ್ಲಿ ಹೆವಿ ಕಲಿಯುವವರಿಗೆ, ಲೈಸೆನ್ಸ್ ಸಿಕ್ಕಿ ಹಿರಿಯ ಡ್ರೈವರ್ ಜೊತೆ ಮೊದಲ ಟ್ರಿಪ್ ಹೊರಡುವವರಿಗೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ನ್ಯಾಯ ನಿಮ್ಮ ಕಡೆ ಇದ್ದರೂ ಮಾತು ನಿಲ್ಲುವುದಿಲ್ಲ.

## ಜೊತೆಗೆ ಇರಬೇಕಾದ ಸಾಮಾನು

ಜೇಬಿಗೆ ಹಿಡಿಯುವ ನೋಟ್‌ಬುಕ್, ಪೆನ್ನು. ಫೋನಿನಲ್ಲೂ ಬರೆಯಬಹುದು, ಆದರೆ ಕ್ಯಾಬಿನ್‌ನಲ್ಲಿ ಫೋನ್ ಹಿಡಿದು ಕೂತವನನ್ನು ನೋಡಿದರೆ ಯಾವ ಗುರುವಿಗೂ "ರೀಲ್ಸ್ ನೋಡ್ತಾವ್ನೆ" ಅಂತಲೇ ಅನ್ನಿಸುತ್ತದೆ. ಅದೇ ಇನ್ನೊಂದು ಜಗಳ.

ಲೈಸೆನ್ಸ್ ಅಥವಾ ಎಲ್‌ಎಲ್‌ಆರ್‌ನ ಎರಡು ಜೆರಾಕ್ಸ್. ಒರಿಜಿನಲ್ ನಿಮ್ಮ ಹತ್ತಿರವೇ ಇರಲಿ. ಫೋನಿನ ಡಿಜಿಲಾಕರ್‌ನಲ್ಲೂ ಹಾಕಿಡಿ. ಓನರ್ ನಂಬರ್, ಗಾಡಿ ನಂಬರ್, ಹೋಗುವ ದಾರಿ ಮನೆಯಲ್ಲಿ ಒಬ್ಬರಿಗೆ ಗೊತ್ತಿರಬೇಕು. ಇನ್ನು, ಎಲ್ಲಿಂದಲೇ ಆದರೂ ಬಸ್ಸು ಹಿಡಿದು ಊರಿಗೆ ಬರುವಷ್ಟು ದುಡ್ಡು ಬೇರೆ ಇಟ್ಟಿರಿ. ಈ ದುಡ್ಡು ಇಲ್ಲದವನು ಬೇಡ ಅನ್ನಬೇಕಾದ ಕಡೆಯೂ ಹೂಂ ಅಂದುಬಿಡುತ್ತಾನೆ.

## 1. ಮೊದಲು ನಿಮ್ಮ ಕಾಗದ ಸರಿ ಮಾಡಿಕೊಳ್ಳಿ

ಬಾಡಿಗೆ ಗಾಡಿ ಓಡಿಸಲು 20 ವರ್ಷ ತುಂಬಿರಬೇಕು. ಅದಕ್ಕೆ ಎಲ್‌ಎಲ್‌ಆರ್ ಸಿಗಬೇಕಾದರೆ ಕಾರಿನ ಲೈಸೆನ್ಸ್, ಅಂದರೆ ಎಲ್‌ಎಂವಿ, ಸಿಕ್ಕಿ ಕನಿಷ್ಠ 1 ವರ್ಷ ಆಗಿರಬೇಕು. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಸಿಕ್ಕಿ 30 ದಿನ ಆಗುವ ಮೊದಲು ಟೆಸ್ಟಿಗೆ ಹೋಗುವಂತಿಲ್ಲ. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ 2019ರಲ್ಲೇ ಹೋಯಿತು. ಅದನ್ನು ಹೇಳಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಎಲ್‌ಎಲ್‌ಆರ್ ಇದ್ದವನು ಸ್ಟೀರಿಂಗ್ ಹಿಡಿದಾಗ, ಆ ಗಾಡಿಗೆ ಲೈಸೆನ್ಸ್ ಇರುವ ಕಲಿಸುವವರು ಪಕ್ಕದಲ್ಲೇ ಇರಬೇಕು. ಗಾಡಿಯನ್ನು ಹಿಡಿತಕ್ಕೆ ತರಲು, ನಿಲ್ಲಿಸಲು ಆಗುವ ಜಾಗದಲ್ಲಿ ಕೂತಿರಬೇಕು. ಹಿಂದಿನ ಸೀಟಿನಲ್ಲಿ ಮಲಗಿದ್ದರೆ ಅದು ಕಲಿಸಿದ ಲೆಕ್ಕಕ್ಕೆ ಬರುವುದಿಲ್ಲ. ಗಾಡಿಗೆ ಹಿಂದೆ ಮುಂದೆ ಬಿಳಿ ಮೇಲೆ ಕೆಂಪು 'ಎಲ್' ಬೋರ್ಡೂ ಬೇಕು. ಲೈಸೆನ್ಸ್ ಇಲ್ಲದೆ ಓಡಿಸಿದವರಿಗೆ 5,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಂಥವರ ಕೈಗೆ ಗಾಡಿ ಕೊಟ್ಟ ಓನರ್‌ಗೂ ಅಷ್ಟೇ ಶಿಕ್ಷೆ. ಈ ಒಂದು ವಿಷಯ ಬಾಯಿಪಾಠ ಆಗಿರಲಿ, ಎಂಟನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

## 2. ಓನರ್, ಗುರು, ನೀವು: ಮೂವರೂ ಒಟ್ಟಿಗೆ ಮಾತಾಡಿ

ಬಹಳ ಜನ ಓನರ್ ಹತ್ತಿರ ಒಂದು ಮಾತಾಡಿ ಬರುತ್ತಾರೆ, ಗುರುವಿಗೆ ಅದು ಗೊತ್ತೇ ಇರುವುದಿಲ್ಲ. "ನಿಂಗೆ ಸ್ಟೀರಿಂಗ್ ಕೊಡಿ ಅಂತ ಯಾರ್ಲಾ ಹೇಳಿದ್ದು?" ಅನ್ನುವ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಹತ್ತು ನಿಮಿಷ ಸಾಕು, ಟೀ ಅಂಗಡಿ ಮುಂದೆ ನಿಂತರೂ ಆಯಿತು. ಆದರೆ ಮೂವರೂ ಇರಬೇಕು.

ಮೊದಲು ಸಂಬಳ, ಬಾಟಾ (ಟ್ರಿಪ್ಪಿನ ಖರ್ಚಿಗೆ ಕೊಡುವ ಭತ್ಯೆ), ಕೊಡುವ ದಿನ ಕೇಳಿ. ಆಮೇಲೆ, ಯಾವಾಗಿನಿಂದ ಓಡಿಸಲು ಕೊಡುತ್ತಾರೆ, ಎಲ್ಲಿ ಕೊಡುತ್ತಾರೆ ಅಂತ ಕೇಳಿ. ಎಂಟಿ, ಅಂದರೆ ಖಾಲಿ, ಗಾಡಿ ಮೊದಲು, ಲೋಡ್ ಆಮೇಲೆ. ಯಾರ್ಡ್ ಒಳಗೆ ಮೊದಲು, ರೋಡ್ ಆಮೇಲೆ. ಬೆಳಗಿನ ಜಾವ ಮೈಸೂರಿನ ಹೊರ ರಿಂಗ್ ರೋಡ್ ಸರಿ, ಸಂಜೆ ಬಂಡಿಪಾಳ್ಯ ಎಪಿಎಂಸಿ ಗೇಟ್ ಬೇಡ. ಇಷ್ಟು ವಿವರವಾಗಿ ಮಾತಾಡಿದರೆ ಗುರುವಿಗೂ ಸಮಾಧಾನ. ನೀವು ನೇರ ಬೆಂಗಳೂರು ಹೈವೇಗೆ ಕೈ ಹಾಕುತ್ತೀರೇನೋ ಅನ್ನುವ ಭಯ ಅವರಿಗೂ ಇರುತ್ತದೆ.

ಕೊನೆಗೆ, ಡ್ಯಾಮೇಜ್ ಆದರೆ ಯಾರ ತಲೆ ಮೇಲೆ ಅನ್ನುವುದು. ಕೇಳಲು ಮುಜುಗರ, ಆದರೆ ಕೇಳದೆ ಬಿಟ್ಟರೆ ಮೊದಲ ತಿಂಗಳ ಸಂಬಳ ಇಂಡಿಕೇಟರ್ ಗಾಜಿಗೂ ಟೈರಿಗೂ ಹೋಗುತ್ತದೆ. ಹೊರಡುವ ಮುಂಚೆ ಗಾಡಿಯ ನಾಲ್ಕೂ ಕಡೆ, ಟೈರು, ಸ್ಟೆಪ್ನಿ, ಕನ್ನಡಿ ಎಲ್ಲದರ ಫೋಟೋ ತೆಗೆಯಿರಿ. ಗುರುವಿನ ಎದುರೇ ತೆಗೆಯಿರಿ. ಕದ್ದು ತೆಗೆದರೆ ಅನುಮಾನ ಬರುತ್ತದೆ.

ಎಚ್ಚರಿಕೆ: ಒರಿಜಿನಲ್ ಲೈಸೆನ್ಸ್ ಇಟ್ಟುಕೊಂಡರೆ ಮಾತ್ರ ಕೆಲಸ ಅನ್ನುವ ಓನರ್, ಕೇಳದೆಯೇ ದೊಡ್ಡ ಅಡ್ವಾನ್ಸ್ ಕೊಡಲು ಬರುವ ಓನರ್, ಇಬ್ಬರ ಹತ್ತಿರವೂ ಹುಷಾರು. ನಾಳೆ ಬಿಟ್ಟು ಹೋಗದ ಹಾಗೆ ಕಟ್ಟಿಹಾಕುವ ದಾರಿ ಅದು.

## 3. ಮೊದಲ ದಿನವೇ ಕೂಗು, ಸನ್ನೆ ಒಂದು ಮಾಡಿಕೊಳ್ಳಿ

ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಕಲಿಸುವವರ ಕಾಲ ಕೆಳಗೂ ಬ್ರೇಕ್ ಇರುತ್ತದೆ. ಓನರ್ ಲಾರಿಯಲ್ಲಿ ಅದು ಇಲ್ಲ. ನೀವು ತಪ್ಪು ಮಾಡಿದರೆ ಗುರುವಿನ ಕೈಯಲ್ಲಿರುವುದು ಬಾಯಿ ಒಂದೇ. ಅವರು ಕಿರುಚುವುದಕ್ಕೆ ಅರ್ಧ ಕಾರಣ ಇದೇ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಸಿಟ್ಟು ನಿಮಗೇ ಇಳಿಯುತ್ತದೆ.

ಹಾಗಾಗಿ ಆ ಬಾಯಿಗೆ ಕೆಲವೇ ಮಾತು ಗೊತ್ತು ಮಾಡಿ. 'ಹೋಲ್ಡಾನ್' ಅಂದರೆ ಆ ಕ್ಷಣವೇ ನಿಲ್ಲಬೇಕು, ಯಾಕೆ ಅಂತ ಆಮೇಲೆ ಕೇಳಬೇಕು. 'ರೈಟ್' ಅಂದರೆ ಹೋಗು. ಇಲ್ಲೊಂದು ಎಡವಟ್ಟು ಇದೆ. ರಿವರ್ಸ್ ತೆಗೆಯುವಾಗ 'ರೈಟ್' ಅಂದರೆ ಬಾ ಅಂತಲೋ, ಬಲಕ್ಕೆ ತಿರುಗಿಸು ಅಂತಲೋ? ಕಾಂಪೌಂಡ್ ಗೋಡೆಗೆ ಹಿಂದಿನ ಬಾಡಿ ಉಜ್ಜುವುದು ಇಂಥ ಕಡೆ. ರಿವರ್ಸಿನಲ್ಲಿ ದಿಕ್ಕಿಗೆ 'ಎಡಕ್ಕೆ', 'ಬಲಕ್ಕೆ' ಅಂತಲೇ ಹೇಳುವ ಮಾತಾಗಲಿ. ಬರುತ್ತಾ ಇರಲಿ ಅನ್ನುವುದಕ್ಕೆ 'ಬರ್ಲಿ ಬರ್ಲಿ'. ಕೂಗು ನಿಂತುಹೋದರೆ, ಅಥವಾ ಹಿಂದೆ ನಿಂತವರು ಕನ್ನಡಿಯಲ್ಲಿ ಕಾಣದೆ ಹೋದರೆ, ಗಾಡಿಯೂ ನಿಲ್ಲಬೇಕು. ಅವರು ಗಾಡಿಗೂ ಗೋಡೆಗೂ ಮಧ್ಯೆ ಇರಬಹುದು.

ನೀವು ಕೆಳಗೆ ನಿಂತು ಗುರುವಿಗೆ ಸೈಡ್ ಹೇಳುವಾಗಲೂ ಇದೇ ಮಾತುಗಳು. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಆಗಬಾರದು.

## 4. ತಕರಾರು ಯಾವ ಬಗೆಯದು ಅಂತ ಬೇರೆ ಮಾಡಿ

ಇಡೀ ಬರಹದಲ್ಲಿ ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ಬೇಜಾರಾದ ತಕ್ಷಣ ಯಾರ ಹತ್ತಿರವೂ ಹೇಳಬೇಡಿ. ಮೊದಲು ಇದು ಸಿಟ್ಟಿನದೋ, ಪಾಠದ್ದೋ, ದುಡ್ಡಿನದೋ, ಅಪಾಯದ್ದೋ ಅಂತ ನೀವೇ ನೋಡಿಕೊಳ್ಳಿ.

### ಸಿಟ್ಟು

ಗೇರ್ ಕಿರುಗುಟ್ಟಿದಾಗ "ಏನ್ಲಾ, ಕ್ಲಚ್ ನಿಮ್ಮಪ್ಪ ತಂದ್ಕೊಟ್ನಾ?" ಅಂದರೆ ಅದು ಸಿಟ್ಟು. ಕಬ್ಬಿನ ಸೀಸನ್ನಿನಲ್ಲಿ ಫ್ಯಾಕ್ಟರಿ ಮುಂದೆ ಸಾಲು ನಿಂತು, ಊಟ ನಿದ್ದೆ ಎರಡೂ ಕೆಟ್ಟು, ತೂಕದ ಹತ್ತಿರ ಬರುವ ಹೊತ್ತಿಗೆ ಯಾರ ಬಾಯಲ್ಲೂ ಒಳ್ಳೆ ಮಾತು ಬರುವುದಿಲ್ಲ. ಇಂಥದ್ದಕ್ಕೆ ಒಂದು ದಿನ ಕಾಯಿರಿ. ಮಾರನೇ ದಿನ ಅವರೇ ಟೀ ಕೊಡಿಸಿದರೆ ಅಲ್ಲಿಗೆ ಮುಗಿಯಿತು.

ಜಾತಿ ಹಿಡಿದು ಬೈಯುವುದು, ಅಮ್ಮ ಅಕ್ಕಂದಿರನ್ನು ಎಳೆದು ತರುವುದು, ಕೈ ಮಾಡುವುದು ಈ ಲೆಕ್ಕಕ್ಕೆ ಬರುವುದಿಲ್ಲ. "ಎಲ್ಲಾ ಗುರುಗಳೂ ಹಂಗೇ, ನಾವೂ ಏಟು ತಿಂದೇ ಕಲಿತದ್ದು" ಅಂತ ಹಳಬರು ಸಮಾಧಾನ ಹೇಳುತ್ತಾರೆ. ಒಪ್ಪಬೇಡಿ. ಏಟು ತಿಂದವನು ಕಲಿಯುವುದು ಏಟು ತಪ್ಪಿಸಿಕೊಳ್ಳುವುದನ್ನು. ಗುರುವಿನ ಕೈ ಎತ್ತ ಹೋಗುತ್ತದೆ ಅಂತ ನೋಡುವವನ ಕಣ್ಣು ಕನ್ನಡಿ ಮೇಲೆ ಇರುವುದಿಲ್ಲ.

### ಪಾಠ

ಸ್ಕೂಲಿನಲ್ಲಿ ಯಾವಾಗಲೂ ಫಸ್ಟ್ ಗೇರಿನಲ್ಲೇ ಎತ್ತು ಅಂದಿರುತ್ತಾರೆ, ಗುರು ಎಂಟಿ ಗಾಡಿಗೆ ಸೆಕೆಂಡ್ ಸಾಕು ಅನ್ನುತ್ತಾರೆ. ಒಬ್ಬ ಗುರು ಏರಿನಲ್ಲಿ ಹಾಫ್ ಕ್ಲಚ್ ಹಿಡಿ ಅಂದರೆ ಇನ್ನೊಬ್ಬರು ಹ್ಯಾಂಡ್‌ಬ್ರೇಕ್ ಹಾಕಿ ಎತ್ತು ಅನ್ನುತ್ತಾರೆ. ಅಪಾಯ ಇಲ್ಲದ ಕಡೆ ಆ ಗಾಡಿಯಲ್ಲಿ ಆ ಗುರು ಹೇಳಿದ ಹಾಗೆ ಮಾಡಿ, ಗಾಡಿ ನಿಂತ ಮೇಲೆ ಯಾಕೆ ಅಂತ ಕೇಳಿ. "ಸ್ಕೂಲಲ್ಲಿ ಹಂಗೆ ಹೇಳ್ಕೊಟ್ಟಿಲ್ಲ" ಅನ್ನುವ ಮಾತು ಮಾತ್ರ ಬಾಯಿಂದ ಬರಬಾರದು. ಲಾರಿ ಓಡಿಸಿ ತಲೆ ಬೆಳ್ಳಗಾದವರಿಗೆ ಇದರಷ್ಟು ಉರಿಸುವ ಮಾತು ಇನ್ನೊಂದಿಲ್ಲ.

ಪಾಠದ ತಕರಾರಿನಲ್ಲಿ ದೊಡ್ಡದು ಇನ್ನೊಂದಿದೆ: ಸ್ಟೀರಿಂಗೇ ಕೊಡದೆ ಇರುವುದು. ಗಾಡಿ ತೊಳೆ, ಟಾರ್ಪಲ್ ಕಟ್ಟು, ಹಗ್ಗ ಎಳೆ, ಅನ್ನ ಬೇಯಿಸು, ಇಷ್ಟರಲ್ಲೇ ವರ್ಷ ಕಳೆಯುತ್ತದೆ. ಹಗ್ಗ, ಟೈರು, ಲೋಡ್ ಕೂರಿಸುವುದು ಕಲಿಯದವನು ಡ್ರೈವರ್ ಅಲ್ಲ, ನಿಜ. ಆದರೆ ಆ ಕಾರಣ ಎಷ್ಟು ದಿನ ಹೇಳಬಹುದು ಅನ್ನುವುದಕ್ಕೂ ಒಂದು ಮಿತಿ ಇದೆ ಅಲ್ವಾ? ಇಲ್ಲಿ "ಓಡಿಸೋಕೆ ಕೊಡಿ" ಅಂತ ದೊಡ್ಡದಾಗಿ ಕೇಳಬೇಡಿ. "ಅಣ್ಣ, ಇವತ್ತು ಎಂಟಿ ಆದ ಮೇಲೆ ಯಾರ್ಡ್ ಒಳಗೆ ರಿವರ್ಸ್ ನಾನು ಹಾಕ್ಲಾ, ನೀವು ಕೆಳಗೆ ನಿಂತು ನೋಡಿ" ಅಂತ ಚಿಕ್ಕದನ್ನು ಕೇಳಿ. ಚಿಕ್ಕದಕ್ಕೆ ಇಲ್ಲ ಅನ್ನುವುದು ಕಷ್ಟ.

### ದುಡ್ಡು

ಬಾಟಾ ಕಡಿತ, ಡೀಸೆಲ್ ಲೆಕ್ಕ, ಫೈನ್ ನಿಮ್ಮ ತಲೆಗೆ ಕಟ್ಟುವುದು. ಇದರಲ್ಲಿ ಬಾಯಿ ಮಾತಿಗೆ ಬೆಲೆ ಇಲ್ಲ. ನೇರ ಆರನೇ ಹಂತಕ್ಕೆ ಹೋಗಿ.

### ಅಪಾಯ

ಕುಡಿದಿರುವುದು, ನಿದ್ದೆ, ಲೈಸೆನ್ಸ್ ಇಲ್ಲದವನಿಗೆ ಗಾಡಿ ಬಿಟ್ಟು ಮಲಗುವುದು, ಬ್ರೇಕ್ ಸರಿ ಇಲ್ಲ ಅಂತ ಗೊತ್ತಿದ್ದೂ ಹೊರಡುವುದು, ಇಳಿಜಾರಿನಲ್ಲಿ ನ್ಯೂಟ್ರಲ್, ಮಿತಿ ಮೀರಿದ ಲೋಡ್. ಕಲಿಯುವವಳು ಹೆಣ್ಣುಮಗಳಾಗಿದ್ದರೆ ಸ್ಟೀರಿಂಗ್ ತೋರಿಸುವ ನೆಪದಲ್ಲಿ ಮೈ ಮುಟ್ಟುವುದೂ ಇದರಲ್ಲೇ ಬರುತ್ತದೆ. ಇಂಥವಕ್ಕೆ ಕಾಯುವುದು, ಚಿಕ್ಕದಾಗಿ ಕೇಳುವುದು ಯಾವುದೂ ಇಲ್ಲ. ಎಂಟನೇ ಹಂತ ನೋಡಿ.

## 5. ಗಾಡಿ ನಿಂತ ಮೇಲೆ, ಗುರು ಒಬ್ಬರೇ ಇದ್ದಾಗ ಮಾತಾಡಿ

ಓಡುವ ಗಾಡಿಯಲ್ಲಿ ವಾದ ಬೇಡ. ಲೋಡಿಂಗ್ ಹಮಾಲರ ಮುಂದೆ, ಡಾಬಾದಲ್ಲಿ ಬೇರೆ ಡ್ರೈವರ್‌ಗಳ ಮುಂದೆಯೂ ಬೇಡ. ನಾಲ್ಕು ಜನರ ಮುಂದೆ ಕೇಳಿದರೆ ಅವರು ಉತ್ತರ ಕೊಡುವುದು ಆ ನಾಲ್ಕು ಜನರಿಗೆ, ನಿಮಗಲ್ಲ. ಊಟ ಆದ ಮೇಲೆ, ಹೊರಡುವ ಅವಸರ ಇಲ್ಲದಾಗ ಒಳ್ಳೆ ಹೊತ್ತು.

ಒಂದು ಸಲಕ್ಕೆ ಒಂದೇ ವಿಷಯ ಎತ್ತಿ. ನಡೆದದ್ದನ್ನು ಜಾಗದ ಸಮೇತ ಹೇಳಿ, ಮುಂದೆ ಏನು ಬೇಕು ಅಂತ ಹೇಳಿ, ನಿಲ್ಲಿಸಿ. ಹೀಗೆ:

"ಅಣ್ಣ, ಬೆಳಗ್ಗೆ ನಂಜನಗೂಡು ಇಂಡಸ್ಟ್ರಿಯಲ್ ಏರಿಯಾ ಗೇಟ್ ಹತ್ರ ನೀವು ಒಟ್ಟಿಗೆ ಮೂರು ಮಾತು ಹೇಳಿದ್ರಿ. ನಂಗೆ ಯಾವ್ದು ಮೊದಲು ಅಂತ ತಿಳೀಲಿಲ್ಲ. ಇನ್ಮೇಲೆ ಮೊದಲು ಹೋಲ್ಡಾನ್ ಅಂದ್ಬುಡಿ. ನಿಂತ್ಕೊಂಡ ಮೇಲೆ ಬೈಯಿರಿ ಬೇಕಾದ್ರೆ."

ಕೊನೆಯ ಮಾತಿಗೆ ನಗು ಬಂದರೆ ಕೆಲಸ ಆಯಿತು ಅಂತಲೇ ಲೆಕ್ಕ. "ನೀವು ಯಾವಾಗ್ಲೂ ಕಿರುಚ್ತೀರಿ" ಅಂತ ಶುರು ಮಾಡಿದರೆ ಮಾತು ಅಲ್ಲೇ ಮುರಿಯುತ್ತದೆ. ಅವರು ತಿರುಗಿ ಬೈದರೂ ಆ ಹೊತ್ತಿಗೆ ಸುಮ್ನಿದ್ದುಬಿಡಿ. ಒಪ್ಪಿದ್ದನ್ನು ಬಾಯಲ್ಲಿ ಹೇಳದೆ ಮಾರನೇ ದಿನ ಮಾಡಿ ತೋರಿಸುವ ಗುರುಗಳೇ ಜಾಸ್ತಿ. ಬಾಯಿಗಿಂತ ನಡೆ ನೋಡಿ.

ಎರಡು ಸಲ ಹೀಗೆ ಮಾತಾಡಿ, ಎರಡು ಸಲವೂ ಏನೂ ಬದಲಾಗದಿದ್ದರೆ ಮುಂದಿನ ಹಂತಕ್ಕೆ ಹೋಗಿ.

## 6. ಬರೆದಿಡಿ

ದಿನಕ್ಕೆ ನಾಲ್ಕು ಸಾಲು ಸಾಕು. ತಾರೀಕು, ಎಲ್ಲಿಂದ ಎಲ್ಲಿಗೆ, ನೀವು ಓಡಿಸಿದ್ದು ಎಷ್ಟು, ಬಾಟಾ ಬಂದದ್ದು ಎಷ್ಟು. ತಕರಾರು ಇದ್ದರೆ ಹೊತ್ತು, ಜಾಗ, ಆಡಿದ ಮಾತು. 'ಕೆಟ್ಟದಾಗಿ ನಡೆದುಕೊಂಡರು' ಅಂತ ಬರೆದರೆ ನಾಳೆ ನಿಮಗೇ ನೆನಪಾಗುವುದಿಲ್ಲ. 'ರಾತ್ರಿ 11, ಗಣಂಗೂರು ಟೋಲ್ ದಾಟಿದ ಮೇಲೆ, ನನ್ನ ಕೈಗೆ ಕೊಟ್ಟು ಮಲಗಿದರು' ಅಂತ ಬರೆದರೆ ಯಾರೂ ಅಲ್ಲಗಳೆಯಲು ಆಗುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ವಾಟ್ಸಾಪ್ ಒಳ್ಳೆಯದು. "ಅಣ್ಣ, ಈ ಟ್ರಿಪ್ಪಿಗೆ ಬಾಟಾ ಇಷ್ಟು ಬಂತು, ಇಷ್ಟು ಬಾಕಿ" ಅಂತ ಓನರ್‌ಗೆ ಒಂದು ಮೆಸೇಜ್ ಹಾಕಿ. ಉತ್ತರ ಬರದಿದ್ದರೂ ತಾರೀಕಿನ ಸಮೇತ ಉಳಿಯುತ್ತದೆ. ಗುರು ಬೈಯುವುದನ್ನು ವಿಡಿಯೋ ಮಾಡಿ ಗ್ರೂಪುಗಳಿಗೆ ಹಾಕುವ ಚಾಳಿ ಈಗ ಶುರುವಾಗಿದೆ. ದಯವಿಟ್ಟು ಬೇಡ. ಅವರ ಮರ್ಯಾದೆ ಹೋದ ದಿನವೇ ನಿಮಗೆ ಈ ಲೈನಿನಲ್ಲಿ ಕಲಿಸುವವರೂ ಸಿಗುವುದಿಲ್ಲ.

## 7. ಓನರ್ ಹತ್ತಿರ ಹೋಗುವುದು

ಗುರುವಿಗೆ ಹೇಳಿಯೇ ಹೋಗಿ. "ಅಣ್ಣ, ಈ ವಿಷಯ ಓನರ್ ಹತ್ರ ಕೇಳ್ತೀನಿ, ನೀವೂ ಇದ್ರೆ ಒಳ್ಳೇದು" ಅನ್ನಿ. ಹಿಂದಿನಿಂದ ಹೋಗಿ ಚಾಡಿ ಹೇಳಿದ ಹಾಗಾದರೆ ಓನರ್ ಗುರುವಿನ ಕಡೆಗೇ ವಾಲುತ್ತಾರೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಗಾಡಿ ಓಡಿ ಕಂತು ಕಟ್ಟುವುದು ಗುರುವಿನಿಂದ, ನಿಮ್ಮಿಂದ ಅಲ್ಲ.

ಆದ್ದರಿಂದ ನ್ಯಾಯ ಅನ್ಯಾಯ ಅಂತ ಹೋಗದೆ ಓನರ್‌ಗೆ ತಟ್ಟುವ ಮಾತು ಹೇಳಿ. ಕಲಿಸಿದರೆ ಸೀಸನ್ನಿನಲ್ಲಿ ಎರಡನೇ ಡ್ರೈವರ್ ಮನೆಯಲ್ಲೇ ಸಿಗುತ್ತಾನೆ. ಲೈಸೆನ್ಸ್ ಇಲ್ಲದವನು ಓಡಿಸುವಾಗ ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಕೊಟ್ಟ ಪರಿಹಾರವನ್ನು ಓನರ್‌ನಿಂದಲೇ ವಸೂಲಿ ಮಾಡಬಹುದು. ಈ ಎರಡನೇ ಮಾತು ಕೇಳಿದ ಮೇಲೂ ಸುಮ್ಮನಿರುವ ಓನರ್ ಅಪರೂಪ.

ಏನು ಕೇಳಬೇಕು ಅಂತ ಮೊದಲೇ ಗೊತ್ತಿರಲಿ: ಬೇರೆ ಗುರುವೋ, ಬೇರೆ ಗಾಡಿಯೋ, ಬಾಕಿ ದುಡ್ಡೋ. ಸುಮ್ನೆ ದೂರು ಹೇಳಿ ಬಂದರೆ "ಆಯ್ತು, ಹೇಳ್ತೀನಿ ಬುಡು" ಅನ್ನುವಲ್ಲಿಗೆ ಮುಗಿಯುತ್ತದೆ.

## 8. ಅಪಾಯ ಇದ್ದಾಗ: ಆಗಲ್ಲ ಅನ್ನುವುದು ಹೇಗೆ

ಇಲ್ಲಿ ಹಿಂದಿನ ಕ್ರಮ ಯಾವುದೂ ಇಲ್ಲ. ಮೊದಲು ಗಾಡಿ ನಿಲ್ಲಬೇಕು.

ಗುರುವಿಗೆ ನಿದ್ದೆ. ಗುರುತು ಹೀಗಿರುತ್ತವೆ: ಮಾತಿಗೆ ಉತ್ತರ ತಡವಾಗಿ ಬರುತ್ತದೆ. ರೆಪ್ಪೆ ಮುಚ್ಚಿದ್ದು ಬೇಗ ತೆರೆಯುವುದಿಲ್ಲ. ಗಾಡಿ ಮೆಲ್ಲಗೆ ಒಂದೇ ಕಡೆಗೆ ಎಳೆಯುತ್ತದೆ, ಕಾರಣ ಇಲ್ಲದೆ ಸ್ಪೀಡ್ ಇಳಿದು ಏರುತ್ತದೆ. ಬೆಳಗಿನ ಜಾವ ಇದು ಜಾಸ್ತಿ. ಕಾನೂನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅನ್ನುತ್ತದೆ. ಲೈನಿನಲ್ಲಿ ಅದನ್ನು ಎಣಿಸುವವರು ಕಡಿಮೆ. "ನಿಮಗೆ ನಿದ್ದೆ ಬರ್ತಿದೆ" ಅಂದರೆ ಯಾವ ಡ್ರೈವರೂ ಒಪ್ಪುವುದಿಲ್ಲ. "ಅಣ್ಣ, ವಸಿ ನಿಲ್ಸಿ, ಒಂದಕ್ಕೆ ಹೋಗ್ಬೇಕು" ಅನ್ನಿ. ಇದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ನಿಂತ ಮೇಲೆ ಮುಖ ತೊಳೆಯಲು ನೀರು ಕೊಡಿ, ಅರ್ಧ ಗಂಟೆ ಮಲಗಿ ಅನ್ನಿ. ಅಲ್ಲೂ ಒಪ್ಪದಿದ್ದರೆ ಓನರ್‌ಗೆ ಫೋನ್ ಮಾಡಿ.

ನಿಮ್ಮ ಕೈಗೆ ಕೊಟ್ಟು ಮಲಗುವುದು. "ಅಣ್ಣ, ನಂದು ಇನ್ನೂ ಎಲ್‌ಎಲ್‌ಆರ್. ನೀವು ಪಕ್ಕದಲ್ಲಿ ಎದ್ದಿದ್ರೆ ಎಷ್ಟೊತ್ತಾದ್ರೂ ಓಡಿಸ್ತೀನಿ. ಮಲಗೋದಾದ್ರೆ ಸೈಡಿಗೆ ಹಾಕಿ ಇಬ್ರೂ ಮಲಗೋಣ." ಇದನ್ನು ಹೊರಡುವ ಮುಂಚೆ, ಹಗಲಲ್ಲೇ ಹೇಳಿಬಿಡುವುದು ಒಳ್ಳೆಯದು. ಸೈಡಿಗೆ ಅಂದರೆ ಲೇ-ಬೈ (ಗಾಡಿ ನಿಲ್ಲಿಸಲು ರಸ್ತೆ ಪಕ್ಕ ಬಿಟ್ಟ ಜಾಗ) ಅಥವಾ ಪೆಟ್ರೋಲ್ ಬಂಕ್. ಮೈಸೂರು–ಬೆಂಗಳೂರು ಹೈವೇಯ ಅಂಚಿನಲ್ಲಿ ಲೈಟ್ ಆರಿಸಿ ನಿಲ್ಲಿಸಿದ ಲಾರಿಗೆ ಹಿಂದಿನಿಂದ ಕಾರು ನುಗ್ಗಿದರೆ ಅದಕ್ಕೂ ನೀವೇ ಹೊಣೆ.

ಇಳಿಜಾರಿನಲ್ಲಿ ನ್ಯೂಟ್ರಲ್. ಡೀಸೆಲ್ ಉಳಿಯುತ್ತದೆ ಅಂತ ಕಲಿಸುತ್ತಾರೆ. ಇದನ್ನು ಕಲಿಯಬೇಡಿ. ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಇಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುತ್ತದೆ. ನ್ಯೂಟ್ರಲ್ ಹಾಕಿದರೆ ಎಲ್ಲಾ ಭಾರ ಬ್ರೇಕಿನ ಮೇಲೆ ಬಿದ್ದು ಡ್ರಮ್ ಕಾಯುತ್ತದೆ. ಕಾದ ಬ್ರೇಕ್ ಹಿಡಿಯುವುದಿಲ್ಲ. ಇಂಜಿನ್ ಆಫ್ ಮಾಡಿದರಂತೂ ಬ್ರೇಕಿಗೆ ಗಾಳಿ ತುಂಬುವುದೂ ನಿಲ್ಲುತ್ತದೆ, ಸ್ಟೀರಿಂಗೂ ಬಿಗಿಯಾಗುತ್ತದೆ. ಸತ್ಯಮಂಗಲದ ಕಡೆಗೆ ದಿಂಬಂ ಘಾಟಿಯಲ್ಲಿ 27 ತಿರುವು ಇದೆ, ಮಡಿಕೇರಿ ಆಚೆ ಸಂಪಾಜೆ ಘಾಟಿ ಇದೆ. ಅಲ್ಲಿ ಈ ಉಳಿತಾಯದ ಲೆಕ್ಕ ನಡೆಯುವುದಿಲ್ಲ. ಸುಟ್ಟ ವಾಸನೆ, ಪೆಡಲ್ ಜಾಸ್ತಿ ಒತ್ತಬೇಕಾಗಿ ಬರುವುದು, ಏರ್ ಗೇಜಿನ ಮುಳ್ಳು ಇಳಿಯುವುದು: ಇವು ಕಂಡರೆ ತಕ್ಷಣ ಹೇಳಿ.

ಬಂಡೀಪುರದ ಗಡಿಬಿಡಿ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಕಾಡಿನ ರಸ್ತೆ ಲಾರಿಗೆ ಬಂದ್. ಮೈಸೂರಿನಲ್ಲಿ ಲೋಡ್ ತಡವಾದರೆ ನಂಜನಗೂಡಿನಿಂದ ಗುಂಡ್ಲುಪೇಟೆವರೆಗೆ ಗುರುವಿನ ಕಾಲು ಆಕ್ಸಿಲರೇಟರ್ ಬಿಡುವುದಿಲ್ಲ. ಈ ದಾರಿಯ ಜಗಳಕ್ಕೆ ಮದ್ದು ಹೊರಡುವಾಗಲೇ ಇದೆ. ಹೊತ್ತು ಮೀರಿದ್ದರೆ ಗುಂಡ್ಲುಪೇಟೆಯಲ್ಲೇ ಉಳಿಯೋದು ಅಂತ ಓನರ್ ಬಾಯಲ್ಲೇ ಹೇಳಿಸಿ. ಆಗ ತಡ ಆದದ್ದು ಗುರುವಿನ ತಲೆ ಮೇಲೆ ಬರುವುದಿಲ್ಲ.

ನಾಲೆ ಏರಿ. ಕಬ್ಬಿನ ಲೋಡ್ ತರುವಾಗ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಕಿರಿದಾದ ರಸ್ತೆಗಳಲ್ಲಿ ಹೊಸಬರ ಕೈಗೆ ಗಾಡಿ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಎದುರಿಗೆ ಟ್ರಾಕ್ಟರ್ ಬಂದರೆ ನಾಲೆ ಕಡೆ ಸರಿಯಬೇಕಾದವರು ಯಾರು ಅಂತ ಯೋಚಿಸಲು ಅಲ್ಲಿ ಹೊತ್ತಿರುವುದಿಲ್ಲ.

ಓವರ್‌ಲೋಡ್. ಕೇಂದ್ರದ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಜಾಸ್ತಿ ಆದ ಪ್ರತಿ ಟನ್ನಿಗೆ ಇನ್ನೂ 2,000. ತೂಕದ ಚೀಟಿ ನೋಡಿದ ಮೇಲೆ ಸ್ಟೀರಿಂಗ್ ಬೇಡ ಅನ್ನಿ. ಕಲಿಯುವ ಗಾಡಿ ಅದಲ್ಲ.

ಅಪಘಾತ ಆದ ಮೇಲೆ ಹೆಸರು ಬದಲಿಸುವುದು. ಗುರು ಕುಡಿದಿದ್ದರೆ "ನೀನೇ ಓಡಿಸ್ತಿದ್ದೆ ಅಂದ್ಬುಡು, ಬಿಡಿಸ್ಕೊಂಡ್ ಬತ್ತೀವಿ" ಅನ್ನುತ್ತಾರೆ. ನೀವು ಓಡಿಸುತ್ತಿದ್ದು ಲೈಸೆನ್ಸ್ ಇಲ್ಲದಿದ್ದರೆ, "ಗುರು ಹೆಸರು ಹೇಳು" ಅನ್ನುತ್ತಾರೆ. ಎರಡಕ್ಕೂ ಒಪ್ಪಬೇಡಿ. ಅಜಾಗರೂಕತೆಯಿಂದ ಸಾವಾದರೆ ಈಗಿನ ಕಾನೂನಿನಲ್ಲಿ 5 ವರ್ಷದವರೆಗೆ ಜೈಲು. ಅದನ್ನು ಯಾರೂ ಯಾರಿಗೋಸ್ಕರವೂ ಹೊರುವುದಲ್ಲ. ಗಾಯಗೊಂಡವರಿಗೆ 112 ಅಥವಾ 108, ನ್ಯಾಷನಲ್ ಹೈವೇ ಆದರೆ 1033. ಆಮೇಲೆ ಓನರ್. ಪೊಲೀಸರಿಗೆ ನಡೆದದ್ದನ್ನಷ್ಟೇ ಹೇಳಿ.

ಇಷ್ಟೆಲ್ಲದರಲ್ಲೂ ಎರಡನ್ನು ಮಾತ್ರ ಮಾಡಬೇಡಿ. ಓಡುವ ಗಾಡಿಯಲ್ಲಿ ಪಕ್ಕದಿಂದ ಸ್ಟೀರಿಂಗ್ ಹಿಡಿಯಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಏರ್ ಬ್ರೇಕ್ ಲಾರಿಯಲ್ಲಿ ಹ್ಯಾಂಡ್‌ಬ್ರೇಕ್ ಅಂದರೆ ಸ್ಪ್ರಿಂಗ್ ಬ್ರೇಕ್. ಸ್ಪೀಡಿನಲ್ಲಿ ಎಳೆದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗಬಹುದು.

ಇಳಿದು ಹೋಗಲೇಬೇಕಾದರೆ ಹಗಲಲ್ಲಿ, ಬಸ್ಸು ಸಿಗುವ ಊರಿನಲ್ಲಿ ಇಳಿಯಿರಿ. ಇಳಿಯುವ ಮೊದಲು ಓನರ್‌ಗೆ ಮೆಸೇಜ್ ಹಾಕಿ: ಎಲ್ಲಿ ಇಳಿದೆ, ಯಾಕೆ ಇಳಿದೆ, ಲೋಡ್ ಹೇಗಿದೆ. ಹೇಳದೆ ಇಳಿದರೆ ನಾಳೆ ಮಾಲು ಕಡಿಮೆ ಬಂದದ್ದೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

## 9. ತಕರಾರು ಡ್ರೈವಿಂಗ್ ಸ್ಕೂಲಿನ ಜೊತೆ ಆದರೆ

ಹೆವಿ ಲೈಸೆನ್ಸಿಗೆ ಸ್ಕೂಲಿನ ಫಾರಂ 5 ಸರ್ಟಿಫಿಕೇಟ್ ಬೇಕು. ಗಾಡಿ ಹತ್ತಿಸದೆ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವವರೂ ಇದ್ದಾರೆ. ಹಾಗೆ ತಂದವನು ಮೊದಲ ಟ್ರಿಪ್ಪಿನಲ್ಲಿ ಗುರುವಿನ ಬಾಯಿಗೆ ಬೀಳುತ್ತಾನೆ. ಆ ಬೈಗುಳಕ್ಕೆ ನಾನು ಗುರುವನ್ನು ದೂರುವುದಿಲ್ಲ.

ಸ್ಕೂಲು ಎರಡು ರಿಜಿಸ್ಟರ್ ಇಡಬೇಕು. ಫಾರಂ 14ರಲ್ಲಿ ಸೇರಿದವರ ವಿವರ, ಫಾರಂ 15ರಲ್ಲಿ ನೀವು ಓಡಿಸಿದ ಗಂಟೆಗಳು. ಎರಡನೆಯದಕ್ಕೆ ನಿಮ್ಮ ಸಹಿಯೂ ಬೀಳುತ್ತದೆ. ಓಡಿಸದ ದಿನಕ್ಕೆ ಸಹಿ ಹಾಕಬೇಡಿ. ಒಟ್ಟಿಗೆ ಹತ್ತು ಸಹಿ ಕೇಳಿದರೆ ಅದೇ ಎಚ್ಚರಿಕೆಯ ಗುರುತು. ಕಲಿಸುವವರು ಹಿಡಿಸದಿದ್ದರೆ ಬೇರೆಯವರನ್ನು ಕೊಡಿ ಅಂತ ಸ್ಕೂಲಿನವರನ್ನು ಕೇಳಿ. ಆಗದಿದ್ದರೆ ಸ್ಕೂಲಿಗೆ ಲೈಸೆನ್ಸ್ ಕೊಟ್ಟ ಆರ್‌ಟಿಒಗೆ ಬರೆದು ಕೊಡಿ. ಮೈಸೂರು ಪಶ್ಚಿಮ ಕೆಎ-09, ಪೂರ್ವ ಕೆಎ-55, ಹುಣಸೂರು ಕೆಎ-45, ಮಂಡ್ಯ ಕೆಎ-11, ನಾಗಮಂಗಲ ಕೆಎ-54. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

## 10. ಹೊರಗಿನವರ ಹತ್ತಿರ ಯಾವಾಗ ಹೋಗಬೇಕು

ಸಂಬಳ, ಬಾಟಾ ಕೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿ, ಮೈಸೂರಿನಲ್ಲೂ ಮಂಡ್ಯದಲ್ಲೂ ಇದೆ. ನಿಮ್ಮ ನೋಟ್‌ಬುಕ್, ಮೆಸೇಜುಗಳು ಅಲ್ಲಿ ಬೆಲೆಗೆ ಬರುತ್ತವೆ. ಹೊಡೆದರೆ, ಜಾತಿ ಹಿಡಿದು ಬೈದರೆ, ಲೈಸೆನ್ಸ್ ಕೊಡದೆ ಸತಾಯಿಸಿದರೆ ಪೊಲೀಸ್ ಠಾಣೆ. ಏಟು ಬಿದ್ದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಹೆಣ್ಣುಮಕ್ಕಳಿಗೆ 181 ಇದೆ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರನ್ನು 2013ರ ಕಾನೂನಿನ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಫೋನ್ 15100.

ಲಾರಿ ಸಂಘದ ಹಿರಿಯರ ಹತ್ತಿರ ಪಂಚಾಯ್ತಿ ಮಾಡಿಸುವುದು ದುಡ್ಡಿನ ವಿಷಯಕ್ಕೆ ಸರಿ, ಬೇಗ ಮುಗಿಯುತ್ತದೆ. ಹೊಡೆತಕ್ಕೆ, ಮೈ ಮುಟ್ಟಿದ್ದಕ್ಕೆ ಪಂಚಾಯ್ತಿ ಬೇಡ.

## ಕಲಿಸುವ ಡ್ರೈವರಣ್ಣಂದಿರಿಗೆ ಎರಡು ಮಾತು

ಹುಡುಗ ತಪ್ಪು ಮಾಡಿದ ಜಾಗದಲ್ಲಿ ನಿಲ್ಲಿಸು ಅಂತಷ್ಟೇ ಹೇಳಿ, ಬೈಯುವುದನ್ನು ಮುಂದಿನ ಟೀಗೆ ಇಟ್ಟುಕೊಳ್ಳಿ. ದಿನಕ್ಕೆ ಒಂದೇ ಪಾಠ ಸಾಕು: ಇವತ್ತು ಕನ್ನಡಿ, ನಾಳೆ ಗೇರ್. ಎಲ್ಲಾ ಒಟ್ಟಿಗೆ ಹೇಳಿದರೆ ಯಾವುದೂ ನಿಲ್ಲುವುದಿಲ್ಲ. ಇನ್ನು, ಕಲಿಸುವುದಕ್ಕೆ ಓನರ್ ಹತ್ತಿರ ಬೇರೆ ದುಡ್ಡು ಕೇಳಿ. ಈ ಕೆಲಸವನ್ನು ಬಿಟ್ಟಿ ಮಾಡುತ್ತಿದ್ದೇವೆ ಅನ್ನುವ ಉರಿ ಹುಡುಗನ ಮೇಲೆ ತಿರುಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

## 11. ಗುರುವನ್ನು ಬದಲಿಸುವಾಗ

ತಿಂಗಳ ಕೊನೆಗೆ ಬಿಡಿ, ಟ್ರಿಪ್ ಮಧ್ಯೆ ಬೇಡ. ಬಾಕಿ ಲೆಕ್ಕ ಬರೆದು ಓನರ್‌ಗೆ ತೋರಿಸಿ, ಕೊಟ್ಟದ್ದಕ್ಕೆ ಸಹಿ ಹಾಕಿ. ಅಡ್ವಾನ್ಸ್ ಉಳಿದಿದ್ದರೆ ಎಷ್ಟು, ಯಾವಾಗ ತೀರಿಸುತ್ತೀರಿ ಅನ್ನುವುದು ಅದೇ ಹಾಳೆಯಲ್ಲಿ ಇರಲಿ. ಗಾಡಿಯ ಫೋಟೋ ಮತ್ತೆ ತೆಗೆಯಿರಿ. ಬೀಗ, ಫಾಸ್ಟ್ಯಾಗ್‌ಗೆ ಹಾಕಿಸಿದ ದುಡ್ಡಿನ ಲೆಕ್ಕ, ಟೂಲ್ ಬಾಕ್ಸ್ ಗುರುವಿನ ಕೈಗೇ ಒಪ್ಪಿಸಿ, "ಎಲ್ಲಾ ಐತೆ ತಾನೇ ಅಣ್ಣ, ನೋಡ್ಕೊಳ್ಳಿ" ಅಂತ ಅವರ ಬಾಯಲ್ಲೇ ಹೂಂ ಅನ್ನಿಸಿ.

ಹೊಸ ಗಾಡಿಯಲ್ಲಿ ಹಳೆಯ ಗುರುವಿನ ಕಥೆ ಹೇಳಬೇಡಿ. ಅಲ್ಲಿ ಎರಡನೇ ಹಂತದಿಂದ ಮತ್ತೆ ಶುರು ಮಾಡಿ.